ಬೆಂಗಾಡಿನ ಕೂಗು, ಎರಡು ಬಗೆಯ ಮರ್ಯಾದೆ



ಆಗಮನ ಕಾಲ ಬಂತೆಂದರೆ ಸ್ನಾನಿಕ ಯೊವಾನ್ನರು ನಮ್ಮ ದೇವಾಲಯಗಳಿಗೆ ತಪ್ಪದೆ ಬರುತ್ತಾರೆ. ಒಂಟೆಯ ತುಪ್ಪಟದ ಉಡುಪು, ಮಿಡತೆ, ಕಾಡುಜೇನು, ಬೆಂಗಾಡಿನ ಕೂಗು ಎಲ್ಲವೂ ನಮಗೆ ಬಾಯಿಪಾಠ. ಗೋದಲಿ ಕಟ್ಟುವ ಗಡಿಬಿಡಿಯ ನಡುವೆ ಆ ಕೂಗನ್ನು ಕೇಳಿಸಿಕೊಂಡು, ತಲೆಯಾಡಿಸಿ, ಮನೆಗೆ ಮರಳುತ್ತೇವೆ. ಇದೇ ವಾಕ್ಯವನ್ನು ಹಿಡಿದು 1511ರ ಡಿಸೆಂಬರ್ 21ರಂದು, ಆಗಮನ ಕಾಲದ ನಾಲ್ಕನೆಯ ಭಾನುವಾರ, ಒಬ್ಬ ಗುರು ಪ್ರಬೋಧನೆ ನೀಡಿದರು. ಅಂದು ಕೇಳಿದವರು ತಲೆಯಾಡಿಸಲಿಲ್ಲ. ಆ ಗುರುವನ್ನು ಹಡಗು ಹತ್ತಿಸಿ ಊರಿಗೆ ಅಟ್ಟಬೇಕೆಂದು ಅಂದೇ ಗುಂಪು ಕಟ್ಟಿಕೊಂಡು ಹೊರಟರು. ಈ ಹಬ್ಬದ ದಿನಗಳಲ್ಲಿ ಆ ಕಥೆಯನ್ನು ನೆನಪಿಸಿಕೊಳ್ಳೋಣ.

ಅದಕ್ಕೆ ಮೊದಲು ನಮ್ಮ ಬಾಯಲ್ಲಿ ದಿನವೂ ಓಡಾಡುವ ಒಂದು ಮಾತಿದೆ: ಮರ್ಯಾದೆ ಕೊಟ್ಟು ಮರ್ಯಾದೆ ತಗೋ. ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ, ಕೆಲವೊಮ್ಮೆ ದೇವಾಲಯದ ಅಂಗಳದಲ್ಲೂ ಇದನ್ನು ಕೇಳುತ್ತೇವೆ. ಮಾತು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮರ್ಯಾದೆ ಎಂಬ ಒಂದೇ ಪದಕ್ಕೆ ನಾವು ಎರಡು ಕೆಲಸ ಹಚ್ಚಿದ್ದೇವೆ. ಅಧಿಕಾರಿ ಬಂದಾಗ ಎದ್ದು ನಿಲ್ಲುವುದು ಒಂದು ಮರ್ಯಾದೆ. ಬಾಯಾರಿ ಬಂದವನನ್ನು, ಅವನು ಯಾರೇ ಆಗಿರಲಿ, ಕೂರಿಸಿ ನೀರು ಕೊಡುವುದು ಇನ್ನೊಂದು ಮರ್ಯಾದೆ. ಮೊದಲನೆಯದು ಹುದ್ದೆಗೆ ಸಲ್ಲುತ್ತದೆ, ಹುದ್ದೆಯೊಂದಿಗೇ ಹೋಗುತ್ತದೆ. ಎರಡನೆಯದು ಮನುಷ್ಯನಾಗಿ ಹುಟ್ಟಿದ್ದಕ್ಕೇ ಸಲ್ಲುವಂಥದ್ದು. ಮೇಲೆ ಕುಳಿತವರು ಈ ಮಾತನ್ನಾಡುವಾಗ ಎರಡನ್ನೂ ಕಲಸಿಬಿಡುವುದುಂಟು. ನೀನು ನನ್ನನ್ನು ದೊಡ್ಡವನೆಂದು ಒಪ್ಪಿಕೋ, ಇಲ್ಲದಿದ್ದರೆ ನಾನು ನಿನ್ನನ್ನು ಮನುಷ್ಯನೆಂದೇ ಎಣಿಸುವುದಿಲ್ಲ ಎನ್ನುವುದು ಆಗ ಅದರ ಒಳಮಾತು. ತಕ್ಕಡಿ ಸಮ ತೂಗಿದಂತೆ ಕಾಣುತ್ತದೆ. ಆದರೆ ಎರಡು ತಟ್ಟೆಗಳಲ್ಲಿ ಇಟ್ಟಿರುವುದು ಒಂದೇ ಸರಕಲ್ಲ. ಈ ಒಳಮಾತನ್ನು ಕಾಗದದ ಮೇಲೆ ಬರೆಸಿ, ನೋಟರಿಯ ಸಾಕ್ಷಿಯೊಂದಿಗೆ ಓದಿಸಿದ ಕಾಲವೊಂದಿತ್ತು. ಅದೂ ದೇವರ ಹೆಸರಿನಲ್ಲಿ, ಜಗದ್ಗುರುಗಳ ಹೆಸರಿನಲ್ಲಿ. ಆ ಕಾಗದದ ವಿಷಯಕ್ಕೆ ಮುಂದೆ ಬರುತ್ತೇವೆ.

ಈಗ ಹೈತಿ ಮತ್ತು ಡೊಮಿನಿಕನ್ ಗಣರಾಜ್ಯ ಎಂಬ ಎರಡು ದೇಶಗಳು ಹಂಚಿಕೊಂಡಿರುವ ದ್ವೀಪಕ್ಕೆ ಅಂದು ಸ್ಪೇನಿನವರು ಇಟ್ಟಿದ್ದ ಹೆಸರು ಎಸ್ಪಾನ್ಯೋಲಾ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಬಂದಾಗ ತಾಯಿನೊ ಜನ ಅಲ್ಲಿ ನೆಲೆಸಿದ್ದರು. ಮರಗೆಣಸು ಬೆಳೆದು, ಮೀನು ಹಿಡಿದು, ತಮ್ಮದೇ ನಾಯಕರ ಕೆಳಗೆ ಊರು ಕಟ್ಟಿಕೊಂಡು ಬದುಕಿದ್ದರು. ನದಿಗಳ ಮರಳಿನಲ್ಲಿ ಚಿನ್ನ ಸಿಕ್ಕಿದ್ದೇ ಅವರಿಗೆ ಕುತ್ತಾಯಿತು. ಎನ್‌ಕೊಮಿಯೆಂದಾ ಎಂಬ ಏರ್ಪಾಡು ಬಂತು. ಒಪ್ಪಿಸಿಕೊಡುವುದು ಎಂದು ಆ ಪದದ ಅರ್ಥ. ಇಷ್ಟು ತಾಯಿನೊಗಳನ್ನು ಇಂಥ ಸ್ಪ್ಯಾನಿಷ್ ಯಜಮಾನನಿಗೆ ಒಪ್ಪಿಸಲಾಗಿದೆ, ಅವನು ಅವರನ್ನು ಕಾಪಾಡಿ ಕ್ರಿಸ್ತನ ವಿಶ್ವಾಸ ಕಲಿಸತಕ್ಕದ್ದು, ಅವರು ಅವನಿಗೆ ದುಡಿಯತಕ್ಕದ್ದು. ಕಾಗದದಲ್ಲಿ ಇದ್ದದ್ದು ಹೀಗೆ. ನಡೆದದ್ದು ಮಾತ್ರ ವರ್ಷದಲ್ಲಿ ಎಂಟೆಂಟು ತಿಂಗಳ ಗಣಿ ಕೆಲಸ, ಹಸಿವು, ಚಾಟಿ, ಮೇಲೆ ಹೊಸ ರೋಗಗಳು. 1508ರಲ್ಲಿ ಸುಮಾರು 60 ಸಾವಿರ ಎಂದು ಎಣಿಸಿದ ತಾಯಿನೊಗಳು 1514ರ ಹಂಚಿಕೆಯ ಲೆಕ್ಕದಲ್ಲಿ 26 ಸಾವಿರದಷ್ಟು ಮಾತ್ರ ಉಳಿದಿದ್ದರು. ಕೊಲಂಬಸ್ ಬಂದಾಗ ಎಷ್ಟು ಜನರಿದ್ದರೆಂಬ ಬಗ್ಗೆ ಪಂಡಿತರಲ್ಲಿ ಇನ್ನೂ ವಾದವಿದೆ. ಆರೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿದ ಮೇಲೆ ಆ ವಾದ ನಮಗೇಕೆ?

ಪೋರ್ಚುಗೀಸರು ಗೋವೆಯನ್ನು ಹಿಡಿದ 1510ರಲ್ಲೇ, ಸಂತ ದೊಮಿನಿಕರ ಸಭೆಯ ಕೆಲವೇ ಮಂದಿ ಸನ್ಯಾಸಿಗಳು ಈ ದ್ವೀಪಕ್ಕೆ ಬಂದಿಳಿದರು. ಅವರ ಮುಖ್ಯಸ್ಥರು ಸ್ವಾಮಿ ಪೇದ್ರೊ ದೆ ಕೊರ್ದೊಬಾ. ಇನ್ನೂ ಮೂವತ್ತು ತುಂಬದ ವಯಸ್ಸು. ಒಂದು ಗುಡಿಸಲೇ ಅವರ ಮಠ. ಒಂದು ವರ್ಷ ಅವರು ಸುಮ್ಮನೆ ನೋಡಿದರು, ಕೇಳಿದರು, ಪ್ರಾರ್ಥಿಸಿದರು. ಬಳಿಕ ಎಲ್ಲರೂ ಕೂಡಿ ಕುಳಿತು ಒಂದು ಪ್ರಬೋಧನೆ ಬರೆದರು, ಎಲ್ಲರೂ ಸಹಿ ಹಾಕಿದರು. ಅದನ್ನು ಹೇಳುವ ಹೊಣೆ ಮಾತುಗಾರರಾದ ಸ್ವಾಮಿ ಅಂತೋನಿಯೊ ದೆ ಮೊಂತೆಸಿನೊಸ್ ಅವರಿಗೆ ಬಿತ್ತು. ದ್ವೀಪದ ರಾಜ್ಯಪಾಲನೂ ಕೊಲಂಬಸನ ಮಗನೂ ಆದ ದಿಯೇಗೊ ಕೊಲೊನ್‌ನಿಂದ ಹಿಡಿದು ಎಲ್ಲ ಅಧಿಕಾರಿಗಳನ್ನೂ ಆ ಭಾನುವಾರ ತಪ್ಪದೆ ಬರಬೇಕೆಂದು ಮನೆಮನೆಗೆ ಹೋಗಿ ಕರೆದರು. ಇದನ್ನು ಗಮನಿಸಬೇಕು. ಅಧಿಕಾರಕ್ಕೆ ಸಲ್ಲಬೇಕಾದ ಮರ್ಯಾದೆಯಲ್ಲಿ ಆ ಸನ್ಯಾಸಿಗಳು ಕೊರತೆ ಮಾಡಲಿಲ್ಲ. ಬೆನ್ನ ಹಿಂದೆ ಆಡದೆ, ಮುಂದೆ ಕೂರಿಸಿಕೊಂಡೇ ಹೇಳಿದರು.

ಆ ದಿನದ ಶುಭಸಂದೇಶದಲ್ಲಿ ಯೊವಾನ್ನರು ತಮ್ಮನ್ನು ಬೆಂಗಾಡಿನ ದನಿ ಎಂದು ಕರೆದುಕೊಳ್ಳುತ್ತಾರಲ್ಲ, ಆ ಮಾತನ್ನೇ ಮೊಂತೆಸಿನೊಸ್ ಎತ್ತಿಕೊಂಡರು. ಈ ದ್ವೀಪದ ಬೆಂಗಾಡಿನಲ್ಲಿ ಕ್ರಿಸ್ತರ ದನಿ ನಾನೇ ಎಂದರು. ಎದುರಿಗೆ ಕುಳಿತವರೆಲ್ಲ ಮಾರಕ ಪಾಪದಲ್ಲಿದ್ದಾರೆಂದೂ ಅದರಲ್ಲೇ ಸಾಯಲಿದ್ದಾರೆಂದೂ ನೇರವಾಗಿ ಹೇಳಿದರು. ಯಾವ ನ್ಯಾಯದಿಂದ ಈ ಜನರನ್ನು ಇಂಥ ಜೀತದಲ್ಲಿ ಇಟ್ಟಿದ್ದೀರೆಂದು ಕೇಳಿದರು. ಕೊನೆಗೆ ಮಗುವೂ ಕೇಳಬಹುದಾದ ಪ್ರಶ್ನೆಗೆ ಬಂದರು: ಇವರು ಮನುಷ್ಯರಲ್ಲವೇ, ಇವರಿಗೂ ವಿವೇಕವುಳ್ಳ ಆತ್ಮವಿಲ್ಲವೇ, ನಿಮ್ಮನ್ನು ನೀವು ಪ್ರೀತಿಸುವಂತೆ ಇವರನ್ನೂ ಪ್ರೀತಿಸುವ ಕಟ್ಟಳೆ ನಿಮಗಿಲ್ಲವೇ ಎಂಬ ಅರ್ಥದ ಪ್ರಶ್ನೆ. ಈ ಪ್ರಬೋಧನೆಯ ಮೂಲ ಪ್ರತಿ ಉಳಿದಿಲ್ಲ. ಆಗ ಅದೇ ದ್ವೀಪದಲ್ಲಿದ್ದ ಬಾರ್ತಲೋಮೆ ದೆ ಲಾಸ್ ಕಾಸಾಸ್ ಎಂಬವರು ಎಷ್ಟೋ ವರ್ಷಗಳ ಮೇಲೆ ಬರೆದಿಟ್ಟ ಇತಿಹಾಸದಿಂದಲೇ ನಮಗೆ ಇದು ಗೊತ್ತು. ಪದಗಳು ಹೆಚ್ಚುಕಡಿಮೆ ಆಗಿರಬಹುದು. ಆದದ್ದು ಆಯಿತೆನ್ನುವುದಕ್ಕೆ ಮುಂದೆ ಅರಸರು ಬರೆದ ಪತ್ರವೇ ಸಾಕ್ಷಿ.

ಮಧ್ಯಾಹ್ನ ಊರಿನ ದೊಡ್ಡವರು ರಾಜ್ಯಪಾಲನೊಂದಿಗೆ ಮಠದ ಬಾಗಿಲಿಗೆ ಬಂದರು. ಸ್ವಾಮಿ ಪೇದ್ರೊ ಹೊರಬಂದು, ಅದು ಮೊಂತೆಸಿನೊಸ್ ಒಬ್ಬರ ಮಾತಲ್ಲ, ನಮ್ಮೆಲ್ಲರ ಮಾತು ಎಂದರು. ಬಂದವರ ದೂರು ಏನಾಗಿತ್ತು? ತಾಯಿನೊಗಳಿಗೆ ವಿವೇಕವಿಲ್ಲವೆಂದು ಅವರು ವಾದಿಸಲಿಲ್ಲ. ಅರಸರು ಕೊಟ್ಟದ್ದನ್ನು ತಪ್ಪೆಂದು ಹೇಳಿ ಅರಸರಿಗೆ ಅಪಮಾನ ಮಾಡಿದ್ದೀರಿ ಎಂದರು. ಒಂದು ಮರ್ಯಾದೆಯ ಪ್ರಶ್ನೆಗೆ ಇನ್ನೊಂದು ಮರ್ಯಾದೆಯ ಉತ್ತರ! ಮುಂದಿನ ಭಾನುವಾರ ಮಾತು ಹಿಂದೆಗೆದುಕೊಳ್ಳಿ, ಇಲ್ಲವೇ ಗಂಟುಮೂಟೆ ಕಟ್ಟಿ ಎಂದು ಗದರಿಸಿದರು. ಅದಕ್ಕೇನು ಬಹಳ ಶ್ರಮವಿಲ್ಲ ಸ್ವಾಮಿ ಎಂದರಂತೆ ಪೇದ್ರೊ. ಶ್ರಮವಾದರೂ ಎಲ್ಲಿಯದು? ಒರಟು ಬಟ್ಟೆಯ ನಿಲುವಂಗಿ, ಹೊದೆಯಲು ಅದೇ ಬಗೆಯ ಕಂಬಳಿ, ಕೆಲವು ಪುಸ್ತಕ, ಬಲಿಪೂಜೆಯ ಸಾಮಾನು. ಎರಡು ಪೆಟ್ಟಿಗೆಗೆ ಮುಗಿಯುತ್ತಿತ್ತು. ಕಳೆದುಕೊಳ್ಳಲು ಏನೂ ಇಲ್ಲದವರನ್ನು ಹೆದರಿಸುವುದು ಕಷ್ಟ.

ಮುಂದಿನ ಭಾನುವಾರ ದೇವಾಲಯ ತುಂಬಿ ತುಳುಕಿತು. ಮೊಂತೆಸಿನೊಸ್ ಯೋಬನ ಗ್ರಂಥದ ವಾಕ್ಯವೊಂದನ್ನು ಹಿಡಿದು, ಹಿಂದಿನ ವಾರ ಹೇಳಿದ್ದನ್ನೆಲ್ಲ ಇನ್ನಷ್ಟು ಬಿಗಿಯಾಗಿ ಹೇಳಿದರು. ಇನ್ನು ಮುಂದೆ ಇಂಥ ಯಜಮಾನರ ಪಾಪನಿವೇದನೆಯನ್ನು ನಾವು ಕೇಳುವುದಿಲ್ಲ, ದಾರಿಗಳ್ಳರಿಗೆ ಹೇಗೋ ನಿಮಗೂ ಹಾಗೆಯೇ ಎಂದರು. ಬೇಕಾದವರಿಗೆ ಬರೆದುಕೊಳ್ಳಿ ಎಂದೂ ಸೇರಿಸಿದರು.

ಬರೆದುಕೊಂಡರು. 1512ರ ಮಾರ್ಚ್‌ನಲ್ಲಿ ಅರಸ ಫೆರ್ಡಿನಾಂಡ್ ಕೋಪದಿಂದ ದಿಯೇಗೊ ಕೊಲೊನ್‌ಗೆ ಪತ್ರ ಬರೆಸಿದರು. ಸ್ಪೇನಿನಲ್ಲಿದ್ದ ದೊಮಿನಿಕರ ಸಭೆಯ ಪ್ರಾಂತಾಧಿಕಾರಿಯೂ ಸನ್ಯಾಸಿಗಳನ್ನು ಗದರಿಸಿ ಬರೆದರು. ಹೊರಗಿನವರ ಬೈಗುಳಕ್ಕಿಂತ ತಮ್ಮವರ ಬೈಗುಳ ಹೆಚ್ಚು ನೋಯಿಸಿರಬೇಕು. ಯಜಮಾನರು ತಮ್ಮ ಪರವಾಗಿ ವಾದಿಸಲು ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನೇ ಆಸ್ಥಾನಕ್ಕೆ ಕಳುಹಿಸಿದರು. ಎರಡೂ ಕಡೆ ಜಪಸರ ಹಿಡಿದವರೇ! ಮೊಂತೆಸಿನೊಸ್ ತಾವೂ ಹೊರಟರು. ಅರಮನೆಯ ಬಾಗಿಲಲ್ಲಿ ಅವರನ್ನು ದಿನಗಟ್ಟಲೆ ತಡೆದರು. ಒಂದು ದಿನ ಬಾಗಿಲು ತೆರೆದದ್ದೇ ತಡ, ಕಾವಲುಗಾರನನ್ನು ಸರಿಸಿಕೊಂಡು ಒಳಹೊಕ್ಕು ಅರಸರ ಮುಂದೆ ಮೊಣಕಾಲೂರಿದರೆಂದು ಲಾಸ್ ಕಾಸಾಸ್ ಬರೆಯುತ್ತಾರೆ. ತಳ್ಳಿಕೊಂಡು ಒಳಗೆ ಹೋದದ್ದು ಒಂದು ಬಗೆ, ಹೋದ ಮೇಲೆ ಮೊಣಕಾಲೂರಿದ್ದು ಇನ್ನೊಂದು ಬಗೆ. ಎರಡನ್ನೂ ಒಬ್ಬರೇ ಮಾಡಿದರು. ಅರಸರು ಪೂರಾ ಕೇಳಿದರು, ಪಂಡಿತರ ಸಭೆ ಕರೆದರು.

ಹೀಗೆ ಹುಟ್ಟಿದ್ದು 1512ರ ಡಿಸೆಂಬರ್ 27ರ ಬುರ್ಗೊಸ್ ಶಾಸನಗಳು. ಒಟ್ಟು 35. ಗಣಿಯಲ್ಲಿ ಐದು ತಿಂಗಳು ದುಡಿದವರಿಗೆ ನಲವತ್ತು ದಿನ ಬಿಡುವು ಕೊಡಬೇಕು, ನಾಲ್ಕು ತಿಂಗಳು ದಾಟಿದ ಬಸುರಿಯರನ್ನು ಗಣಿಗೆ ಕಳುಹಿಸಬಾರದು, ನೆಲದ ಮೇಲೆ ಮಲಗದಂತೆ ಪ್ರತಿಯೊಬ್ಬರಿಗೂ ಒಂದು ತೂಗುಹಾಸಿಗೆ ಕೊಡಬೇಕು ಎಂದೆಲ್ಲ ಅದರಲ್ಲಿದೆ. ನಮ್ಮ ಕಣ್ಣು ನಿಲ್ಲುವುದು ಮತ್ತೊಂದರ ಮೇಲೆ. ತಾಯಿನೊಗಳನ್ನು ಯಾರೂ ಕೋಲು ಚಾಟಿಗಳಿಂದ ಹೊಡೆಯಬಾರದು, ನಾಯಿ ಎಂದು ಕರೆಯಬಾರದು, ಅವರವರ ಹೆಸರಿನ ಹೊರತು ಬೇರಾವ ಹೆಸರಿನಿಂದಲೂ ಕೂಗಬಾರದು ಎಂಬುದು ಆ ಶಾಸನ. ಒಂದು ಸಾಮ್ರಾಜ್ಯ ಕೂತು ಹೀಗೊಂದು ಕಾನೂನು ಬರೆಯಬೇಕಾಯಿತು ಎಂದರೆ ಗಣಿಯ ದಂಡೆಯ ದಿನನಿತ್ಯದ ಮಾತು ಹೇಗಿತ್ತೆಂದು ಊಹಿಸಬಹುದು. ಲೋ, ಲೇ ಎಂಬ ಕೂಗುಗಳ ನಡುವೆ ಬೆಳೆದ ನಮಗೆ, ಕೆಲಸದಾಕೆಯ ಹೆಸರು ಹತ್ತು ವರ್ಷವಾದರೂ ಗೊತ್ತಿರದ ಮನೆಗಳನ್ನು ಕಂಡ ನಮಗೆ, ಊಹೆ ಅಷ್ಟೇನೂ ಕಷ್ಟವಲ್ಲ. ಹೆಸರು ಹಿಡಿದು ಕರೆಯುವುದಕ್ಕೆ ಯಾರ ಅಧಿಕಾರವೂ ಕಡಿಮೆಯಾಗುವುದಿಲ್ಲ. ಆದರೂ ಅದು ಆ ಯಜಮಾನರಿಗೆ ದುಬಾರಿಯೆನಿಸಿತು.

ಶಾಸನಗಳು ಎನ್‌ಕೊಮಿಯೆಂದಾವನ್ನು ಮುಟ್ಟಲಿಲ್ಲ. ಬೈಯಬೇಡಿ, ಆದರೆ ದುಡಿಸಿಕೊಳ್ಳಿ ಎಂದಂತಾಯಿತು. ಜಾರಿ ಮಾಡಬೇಕಾದವರೇ ಯಜಮಾನರಾದ್ದರಿಂದ ಬೈಗುಳವೂ ನಿಲ್ಲಲಿಲ್ಲ.

ಈಗ ಆ ಕಾಗದದ ವಿಷಯ. 1513ರಲ್ಲಿ ಹುವಾನ್ ಲೋಪೆಸ್ ದೆ ಪಲಾಸಿಯೊಸ್ ರೂಬಿಯೊಸ್ ಎಂಬ ನ್ಯಾಯಪಂಡಿತರು ಅರಸರ ಪರವಾಗಿ ಒಂದು ಬಿನ್ನವತ್ತಳೆಯನ್ನು ಬರೆದುಕೊಟ್ಟರು. ರೆಕೆರಿಮಿಯೆಂತೊ ಎಂದು ಅದರ ಹೆಸರು, ಕೇಳಿಕೆ ಎನ್ನಬಹುದು. ಹೊಸ ನೆಲಕ್ಕೆ ಹೋದ ಪಡೆ ಯುದ್ಧಕ್ಕೆ ಮೊದಲು ಅಲ್ಲಿನ ಜನರಿಗೆ ಅದನ್ನು ಓದಿ ಹೇಳಬೇಕು, ನೋಟರಿ ಸಹಿ ಹಾಕಬೇಕು. ಅದರ ಸಾರ ಇಷ್ಟು. ದೇವರು ಒಬ್ಬರೇ, ಅವರು ಮಾನವಕುಲವನ್ನೆಲ್ಲ ಸಂತ ಪೇತ್ರರಿಗೆ ಒಪ್ಪಿಸಿದರು, ಪೇತ್ರರ ಪೀಠದಲ್ಲಿ ಕೂತ ಜಗದ್ಗುರುಗಳು ಈ ನೆಲವನ್ನು ಸ್ಪೇನಿನ ಅರಸರಿಗೆ ಕೊಟ್ಟಿದ್ದಾರೆ. ಆದ್ದರಿಂದ ನೀವು ಧರ್ಮಸಭೆಯನ್ನೂ ಅರಸರನ್ನೂ ಒಡೆಯರೆಂದು ಒಪ್ಪಿಕೊಳ್ಳಿ. ಒಪ್ಪಿದರೆ ಪ್ರೀತಿಯಿಂದ ಕಾಣುತ್ತೇವೆ, ಬಲವಂತವಾಗಿ ಕ್ರೈಸ್ತರಾಗಿಸುವುದಿಲ್ಲ. ಒಪ್ಪದಿದ್ದರೆ ಯುದ್ಧ ಮಾಡುತ್ತೇವೆ, ನಿಮ್ಮನ್ನೂ ಹೆಂಡತಿ ಮಕ್ಕಳನ್ನೂ ಗುಲಾಮರನ್ನಾಗಿ ಮಾರುತ್ತೇವೆ, ಸಾವುನೋವಿನ ತಪ್ಪು ನಿಮ್ಮದೇ.

ಮರ್ಯಾದೆ ಕೊಟ್ಟರೆ ಮರ್ಯಾದೆ ಎಂಬ ಮಾತಿನ ಒಳಮಾತು ಇಷ್ಟು ಬೆತ್ತಲೆಯಾಗಿ ಇನ್ನೆಲ್ಲೂ ಬರಹಕ್ಕೆ ಇಳಿದಂತಿಲ್ಲ. ಒಬ್ಬ ತಾಯಿಯ ಮಗುವನ್ನು ಕಸಿದು ಮಾರದೆ ಇರುವುದು ಅವಳಿಗೆ ಸಲ್ಲಬೇಕಾದ ಮೊದಲ ಮರ್ಯಾದೆ. ಅದನ್ನೇ, ಕಂಡು ಕೇಳರಿಯದ ಅರಸನಿಗೆ ತಲೆಬಾಗಿದರೆ ಸಿಗುವ ಕೂಲಿಯನ್ನಾಗಿ ಮಾಡಿಟ್ಟರು. ಇದರಲ್ಲಿ ಜಗದ್ಗುರುಗಳ ಹೆಸರಿತ್ತೆನ್ನುವುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆರನೆಯ ಅಲೆಕ್ಸಾಂಡರ್ 1493ರಲ್ಲಿ ಕೊಟ್ಟ ಪತ್ರಗಳೇ ಅದಕ್ಕೆ ಆಧಾರವಾಗಿದ್ದವು. ಆ ಪತ್ರಗಳಿಂದ ಬೆಳೆದ ವಾದವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ಬಹಿರಂಗವಾಗಿ ನಿರಾಕರಿಸಿತು. ಐನೂರು ವರ್ಷ ಹಿಡಿಯಿತು.

ಕಾಗದವನ್ನು ಓದಿದ ಬಗೆಯೂ ಕೇಳುವಂಥದ್ದೇ. ತಿಳಿಯದ ಭಾಷೆಯಲ್ಲಿ ಓದುತ್ತಿದ್ದರು. ಕೆಲವೆಡೆ ಊರಿನವರು ಓಡಿಹೋದ ಮೇಲೆ ಬರಿಯ ಗುಡಿಸಲುಗಳಿಗೆ ಓದುತ್ತಿದ್ದರು. 1514ರಲ್ಲಿ ಪೆದ್ರಾರಿಯಾಸ್ ಎಂಬ ದಳಪತಿಯ ಪಡೆಯೊಂದಿಗೆ ಹೋಗಿದ್ದ ಒವಿಯೆದೊ ಎಂಬ ಅಧಿಕಾರಿ ಇಂಥ ಖಾಲಿ ಊರಿನಿಂದ ಕಾಗದವನ್ನು ಹಿಂದಕ್ಕೆ ತಂದುಕೊಟ್ಟು, ಸ್ವಾಮಿ, ಇವರಿಗೆ ಇದನ್ನು ಕೇಳಲು ಮನಸ್ಸಿಲ್ಲ, ಒಬ್ಬನನ್ನು ಹಿಡಿದು ಪಂಜರದಲ್ಲಿಡಿ, ನಿಧಾನವಾಗಿ ಕಲಿಯಲಿ ಎಂದು ಗೇಲಿ ಮಾಡಿದನಂತೆ. ದಳಪತಿ ನಕ್ಕನಂತೆ. ಓದುವವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಸೆನೂ ಎಂಬಲ್ಲಿನ ನಾಯಕರಿಗೆ ಮಾತ್ರ ಕಾಗದದ ಅರ್ಥ ಮುಟ್ಟಿತೆಂದು ಅದನ್ನು ಓದಿಸಿದ ಎನ್ಸಿಸೊ 1519ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ದೇವರು ಒಬ್ಬರೇ ಎನ್ನುವುದು ಸರಿ ಎಂದರಂತೆ ಅವರು. ಆದರೆ ತನ್ನದಲ್ಲದ್ದನ್ನು ಇನ್ನೊಬ್ಬರಿಗೆ ಕೊಟ್ಟ ಆ ಪೋಪ್ ಕುಡಿದಿರಬೇಕು, ಪರರ ಸೊತ್ತನ್ನು ಕೇಳಿದ ಆ ಅರಸನಿಗೆ ಹುಚ್ಚಿರಬೇಕು ಎಂದುಬಿಟ್ಟರಂತೆ. ಕ್ರೈಸ್ತರಾದ ನಮಗೆ ಕಿವಿಗೆ ಚುಚ್ಚುವ ಮಾತು. ಆದರೆ ಅಂದಿನ ಮಟ್ಟಿಗೆ ನ್ಯಾಯದ ಮಾತು ಯಾರ ಬಾಯಿಂದ ಬಂತು ಎಂದು ಕೇಳಿಕೊಂಡರೆ ಸುಳ್ಳು ಹೇಳಲಾರೆವು.

ಪ್ರಬೋಧನೆಯ ಬೀಜ ಎಲ್ಲಿ ಬಿತ್ತು? ಲಾಸ್ ಕಾಸಾಸ್ ಆಗಲೇ ಗುರುವಾಗಿದ್ದರು, ಯಜಮಾನರೂ ಆಗಿದ್ದರು. ಒಬ್ಬ ದೊಮಿನಿಕನ್ ಸನ್ಯಾಸಿ ಅವರ ಪಾಪನಿವೇದನೆಯನ್ನು ಕೇಳಲು ಒಪ್ಪದಿದ್ದಾಗಲೂ ಅವರು ವಾದಿಸಿ ಹೊರಬಂದರೇ ಹೊರತು ಬದಲಾಗಲಿಲ್ಲ. 1514ರಲ್ಲಿ ಕ್ಯೂಬಾದಲ್ಲಿ ಪೆಂತೆಕೋಸ್ತ್ ಹಬ್ಬದ ಪ್ರಬೋಧನೆಗೆ ಸಿದ್ಧವಾಗುತ್ತಿದ್ದಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಕಣ್ಣಿಗೆ ಬಿತ್ತು. ಬಡವರಿಂದ ಕಸಿದದ್ದನ್ನು ದೇವರಿಗೆ ಕಾಣಿಕೆ ಇಡುವವನ ಬಗ್ಗೆ ಅಲ್ಲಿ ಏನಿದೆಯೆಂದು ವಾಚಕರು ಮನೆಯಲ್ಲಿ ಬೈಬಲ್ ತೆರೆದು ನೋಡಬಹುದು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಹಬ್ಬದಲ್ಲಿ, ತಮಗೆ ಒಪ್ಪಿಸಿದ ಜನರನ್ನು ಬಿಟ್ಟುಕೊಡುವುದಾಗಿ ಪ್ರಬೋಧನೆಯಲ್ಲೇ ಸಾರಿದರು. ಮುಂದಿನ ಅರ್ಧ ಶತಮಾನ ಅವರು ಸುಮ್ಮನೆ ಕೂರಲಿಲ್ಲ. 1550ರಲ್ಲಿ ವಯ್ಯದೊಲಿದ್‌ನಲ್ಲಿ ಸೆಪುಲ್ವೆದ ಎಂಬ ಪಂಡಿತನೊಂದಿಗೆ ನಡೆಸಿದ ವಾದ ಇಂದಿಗೂ ಪಾಠಗಳಲ್ಲಿದೆ. ಅವರನ್ನು ಕಲೆಯಿಲ್ಲದ ಸಂತರನ್ನಾಗಿ ಮಾಡುವುದೂ ಬೇಡ. ತಾಯಿನೊಗಳನ್ನು ಉಳಿಸಲು ಬೇರೆ ಕಡೆಯ ಗುಲಾಮರನ್ನು ತರಿಸಿ ಎಂದು 1516ರಲ್ಲಿ ಸಲಹೆ ಕೊಟ್ಟವರೂ ಅವರೇ. ಆಫ್ರಿಕಾದವರನ್ನು ಹಿಡಿದು ತರುವುದೂ ಅಷ್ಟೇ ಅನ್ಯಾಯವೆಂದು ಕಂಡಾಗ ಅದಕ್ಕಾಗಿ ಪಶ್ಚಾತ್ತಾಪಪಟ್ಟು ತಮ್ಮ ಇತಿಹಾಸದಲ್ಲೇ ಬರೆದಿಟ್ಟರು.

ರೋಮ್ ಕೂಡ ಮಾತಾಡಿತು. 1537ರ ಜೂನ್ 2ರಂದು ಮೂರನೆಯ ಪೌಲರು ಸುಬ್ಲಿಮಿಸ್ ದೇವುಸ್ ಎಂಬ ಪತ್ರ ಹೊರಡಿಸಿದರು. ಆ ನೆಲದ ಜನ ನಿಜವಾಗಿ ಮನುಷ್ಯರು. ಕ್ರಿಸ್ತರ ವಿಶ್ವಾಸದ ಹೊರಗಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಕೂಡದು ಎಂದು ಅದರಲ್ಲಿ ಸಾರಿದರು. ಹೊರಗಿದ್ದರೂ ಎಂಬ ಪದವನ್ನು ಮತ್ತೊಮ್ಮೆ ಓದಿಕೊಳ್ಳೋಣ. ನಮ್ಮನ್ನು ಒಪ್ಪಿದರೆ ಮಾತ್ರ ಎಂದಿತ್ತು ಆ ಹಳೆಯ ಕಾಗದ. ಒಪ್ಪದಿದ್ದರೂ ಎಂದಿತು ಈ ಪತ್ರ. ಇದನ್ನು ಮೀರಿದವರಿಗೆ ಬಹಿಷ್ಕಾರವೆಂದು ಹೊರಡಿಸಿದ ಜೊತೆಪತ್ರವನ್ನು ಮಾತ್ರ ಚಕ್ರವರ್ತಿ ಐದನೆಯ ಚಾರ್ಲ್ಸನ ಅಸಮಾಧಾನದಿಂದ ಮರುವರ್ಷವೇ ಹಿಂತೆಗೆದುಕೊಳ್ಳಬೇಕಾಯಿತು. ಬೋಧನೆ ನಿಂತಿತು, ಶಿಕ್ಷೆ ಹೋಯಿತು.

ಇಷ್ಟು ಹೊತ್ತು ಸನ್ಯಾಸಿಗಳ, ಅರಸರ, ಜಗದ್ಗುರುಗಳ ಮಾತಾಯಿತು. ಆ ದ್ವೀಪದವರೇ ಆದ ಒಬ್ಬರ ಮಾತು ಉಳಿದಿದೆ. ಎನ್ರಿಕೆ ಎಂಬ ತಾಯಿನೊ ನಾಯಕರು ಚಿಕ್ಕಂದಿನಲ್ಲಿ ಫ್ರಾನ್ಸಿಸ್ಕನ್ ಮಠದಲ್ಲಿ ಓದು ಬರಹ ಕಲಿತವರು, ಕ್ರೈಸ್ತರು. ಎನ್ರಿಕಿಯೊ, ಅಂದರೆ ಪುಟ್ಟ ಎನ್ರಿಕೆ, ಎಂದು ಸ್ಪೇನಿನವರು ಕರೆಯುತ್ತಿದ್ದರು. ತಮ್ಮ ಜನರೊಂದಿಗೆ ಸರದಿಯ ದುಡಿಮೆಗೆ ತಪ್ಪದೆ ಬರುತ್ತಿದ್ದರು. ಯಜಮಾನ ವಾಲೆನ್ಸುವೆಲ ಮೊದಲು ಅವರ ಕುದುರೆಯನ್ನು ಕಿತ್ತುಕೊಂಡ. ಬಳಿಕ ಅವರ ಪತ್ನಿ ಮೆನ್ಸಿಯಾರವರ ಮೇಲೆ ಕೈಹಾಕಿದ. ಎನ್ರಿಕೆ ಕತ್ತಿ ಹಿಡಿಯಲಿಲ್ಲ. ಸಾನ್ ಹುವಾನ್ ಊರಿನ ಅಧಿಕಾರಿ ವಾದಿಯೊ ಎಂಬವನಲ್ಲಿ ದೂರು ಕೊಟ್ಟರು. ದೂರು ಕೊಟ್ಟವರಿಗೇ ಸೆರೆವಾಸವಾಯಿತು. ಬಿಡುಗಡೆಯಾದ ಮೇಲೆ ಸಾಂತೊ ದೊಮಿಂಗೊದ ಉಚ್ಚ ನ್ಯಾಯಾಲಯದವರೆಗೆ ಕಾಲ್ನಡೆಯಲ್ಲಿ ಹೋದರು. ನ್ಯಾಯಾಲಯ ಒಂದು ಪತ್ರ ಬರೆದುಕೊಟ್ಟು, ಅದನ್ನು ತೆಗೆದುಕೊಂಡು ಅದೇ ವಾದಿಯೊನ ಬಳಿ ಹೋಗು ಎಂದಿತು. ಸರ್ಕಾರಿ ಕಚೇರಿಗಳಿಗೆ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1519ರಲ್ಲಿ ಅವರು ತಮ್ಮವರನ್ನು ಕಟ್ಟಿಕೊಂಡು ಬಾವೊರುಕೊ ಬೆಟ್ಟಗಳನ್ನು ಹತ್ತಿದರು. ಹಿಡಿದು ತರಲು ಬಂದ ವಾಲೆನ್ಸುವೆಲನನ್ನು ಸೋಲಿಸಿ, ಕೊಲ್ಲದೆ ಬಿಟ್ಟಿದ್ದೇನೆ, ಹೋಗು, ಮತ್ತೆ ಬರಬೇಡ ಎಂದು ಕಳುಹಿಸಿದರು. ಇನ್ನೊಮ್ಮೆ ಎಪ್ಪತ್ತಕ್ಕೂ ಹೆಚ್ಚು ಸ್ಪ್ಯಾನಿಷ್ ಸೈನಿಕರು ಸೋತು ಗುಹೆಯೊಂದರಲ್ಲಿ ಅಡಗಿದಾಗ, ಬೆಂಕಿ ಹಚ್ಚಲು ಸೌದೆ ತರುತ್ತಿದ್ದ ತಮ್ಮವರನ್ನು ತಡೆದು, ಆಯುಧಗಳನ್ನಷ್ಟೇ ಇಳಿಸಿಕೊಂಡು ಎಲ್ಲರನ್ನೂ ಬಿಟ್ಟರು. ಆ ಸೈನಿಕರು ಅವರಿಗೆ ತಲೆಬಾಗಿದ್ದರೆಂದಲ್ಲ, ಅವರನ್ನು ಕೊಲ್ಲಲೆಂದೇ ಬಂದವರು. ಗುಹೆಯಲ್ಲಿದ್ದವರಲ್ಲೊಬ್ಬ ಬದುಕಿದರೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತಿದ್ದ. ಸಾಂತೊ ದೊಮಿಂಗೊದಲ್ಲಿ ದೊಮಿನಿಕನ್ ಮಠ ಸೇರಿದ. ಲಾಸ್ ಕಾಸಾಸ್ ಈ ಕಥೆಯನ್ನು ಅವನಿಂದಲೇ ಕೇಳಿ ಬರೆದರು.

1533ರಲ್ಲಿ ಚಕ್ರವರ್ತಿಯ ಪತ್ರ ಹಿಡಿದು ದಳಪತಿ ಬಾರ್ರಿಯೊನುವೆವೊ ಬೆಟ್ಟ ಹತ್ತಿ ಬಂದ. ಎನ್ರಿಕೆಯವರಿಗೂ ಅವರ ಜನರಿಗೂ ಸ್ವಾತಂತ್ರ್ಯ, ಕೃಷಿಗೆ ನೆಲ, ಶಾಂತಿ. ಪತ್ರದಲ್ಲಿ ಪುಟ್ಟ ಎನ್ರಿಕೆ ಎಂದಿರಲಿಲ್ಲ, ದೊನ್ ಎನ್ರಿಕೆ ಎಂದಿತ್ತು. ದೊನ್ ಎಂದರೆ ಸ್ಪೇನಿನಲ್ಲಿ ಗಣ್ಯರಿಗೆ ಸಲ್ಲುವ ಬಿರುದು. ಹದಿನಾಲ್ಕು ವರ್ಷಗಳ ಹಿಂದೆ ಸಾನ್ ಹುವಾನ್‌ನಲ್ಲಿ ವಾದಿಯೊನ ಮುಂದೆ ನಿಂತಾಗ ಅವರು ಬಿರುದು ಕೇಳಿರಲಿಲ್ಲ. ಹೆಂಡತಿಗಾದ ಅನ್ಯಾಯವನ್ನು ಕೇಳಿಸಿಕೊಳ್ಳಿ ಎಂದಷ್ಟೇ ಕೇಳಿದ್ದರು.